ಎಂಟು ತಿಂಗಳು ನಿಂತ ಕಾರು ಬ್ರೇಕ್ ಹಾಕಿದಾಗ ನಡುಗುವುದೇಕೆ?

ನಮ್ಮಲ್ಲಿ ಹಲವರ ಮನೆಯಲ್ಲಿ ಒಂದು ಕಾರು ಇರುತ್ತದೆ, ಓಡಿಸುವವರು ಮಾತ್ರ ಗಲ್ಫ್‌ನಲ್ಲಿರುತ್ತಾರೆ. ನನ್ನ ಮಾಮನ ಕಾರೂ ಹಾಗೆಯೇ. ಏಪ್ರಿಲ್‌ನಲ್ಲಿ ಈದ್ ರಜೆ ಮುಗಿಸಿ ಹೊರಡುವಾಗ ಮಾಮ ಕೀಯನ್ನು ನನ್ನ ಕೈಗೆ ಕೊಟ್ಟು, "ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ ಇಡು, ಇದು ನಿನ್ನ ಅಮಾನತ್" ಎಂದಿದ್ದರು. ನಾನು ಒಂದು ಶುಕ್ರವಾರವೂ ತಪ್ಪಿಸಲಿಲ್ಲ. ಜುಮಾ ಮುಗಿಸಿ ಬಂದು ಹತ್ತು ನಿಮಿಷ ಎಂಜಿನ್ ಓಡಿಸಿ, ಹ್ಯಾಂಡ್‌ಬ್ರೇಕ್ ಗಟ್ಟಿಯಾಗಿ ಎಳೆದಿದೆಯೇ ಎಂದು ನೋಡಿ ಇಳಿಯುತ್ತಿದ್ದೆ. ಎರಡು ಬಾರಿ ಪೈಪ್ ಹಿಡಿದು ಚೆನ್ನಾಗಿ ತೊಳೆದೂ ಇದ್ದೆ.

ಡಿಸೆಂಬರ್‌ನಲ್ಲಿ ಮಾಮ ಬಂದರು. ಎಂಜಿನ್ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ನನಗೆ ಹೆಮ್ಮೆ. ಆದರೆ ಗೇರ್ ಹಾಕಿ ಮುಂದೆ ಬಿಟ್ಟಾಗ ಹಿಂದಿನಿಂದ "ಟಕ್" ಎಂದು ಜೋರಾಗಿ ಸದ್ದಾಯಿತು. ಹೆದ್ದಾರಿಗೆ ಬಂದು ಅರವತ್ತರ ವೇಗದಲ್ಲಿ ಬ್ರೇಕ್ ಒತ್ತಿದಾಗ ಸ್ಟೇರಿಂಗ್ ಮಾಮನ ಕೈಯಲ್ಲಿ ಗಡಗಡ ನಡುಗಿತು. ಮುಂದಿನ ಭಾನುವಾರ ಚಿಕ್ಕಮಗಳೂರಿನಲ್ಲಿ ಸಂಬಂಧಿಕರ ನಿಖಾಹ್ ಇತ್ತು. ಉಮ್ಮ, ಅಜ್ಜಿ, ಮಕ್ಕಳೆಲ್ಲ ಅದೇ ಕಾರಿನಲ್ಲಿ ಚಾರ್ಮಾಡಿ ಘಾಟಿ ಹತ್ತಿ ಹೋಗಬೇಕಿತ್ತು. ಒಂದು ಗ್ಯಾರೇಜಿನಲ್ಲಿ ಕಾರಿನಿಂದ ಇಳಿಯುವ ಮೊದಲೇ "ಡಿಸ್ಕ್ ಬೆಂಡ್ ಆಗಿದೆ, ಎರಡೂ ಡಿಸ್ಕ್, ಪ್ಯಾಡ್ ಪೂರಾ ಚೇಂಜ್" ಎಂದರು. ಚಕ್ರವನ್ನು ಬಿಚ್ಚಿ ನೋಡಿರಲಿಲ್ಲ.

ಮಾಮ ಅಲ್ಲಿಂದ ಹೊರಟು ಊರಿನ ಹಳೆಯ ಮೆಕ್ಯಾನಿಕ್ ಒಬ್ಬರ ಬಳಿಗೆ ಹೋದರು. ಅವರು ಸ್ಪ್ಯಾನರ್ ಮುಟ್ಟುವ ಮೊದಲು ಪ್ರಶ್ನೆ ಕೇಳಿದರು. ಆ ಪ್ರಶ್ನೆಗಳನ್ನೂ ಅವುಗಳ ಹಿಂದಿನ ಕಾರಣಗಳನ್ನೂ ಇಲ್ಲಿ ಬರೆಯುತ್ತಿದ್ದೇನೆ. ಇದರಲ್ಲಿ ಹೆಚ್ಚಿನದ್ದು ನಾವು ಭೌತಶಾಸ್ತ್ರದ ತರಗತಿಯಲ್ಲಿ ಓದಿದ್ದೇ.

ನಡುಕ ಹುಟ್ಟುವುದು ಎಲ್ಲಿ?

ಇಂದಿನ ಹೆಚ್ಚಿನ ಸಣ್ಣ ಕಾರುಗಳಲ್ಲಿ ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್, ಹಿಂದಿನ ಚಕ್ರಗಳಿಗೆ ಡ್ರಮ್ ಬ್ರೇಕ್ ಇರುತ್ತದೆ. ಡಿಸ್ಕ್ ಎಂದರೆ ಚಕ್ರದೊಂದಿಗೆ ತಿರುಗುವ ಬೀಡು ಕಬ್ಬಿಣದ ತಟ್ಟೆ. ಪೆಡಲ್ ಒತ್ತಿದಾಗ ಕ್ಯಾಲಿಪರ್ ಎಂಬ ಹಿಡಿಕೆ ಎರಡು ಪ್ಯಾಡ್‌ಗಳನ್ನು ಈ ತಟ್ಟೆಯ ಎರಡೂ ಬದಿಗೆ ಅಮುಕುತ್ತದೆ. ಘರ್ಷಣೆಯಿಂದ ಚಕ್ರ ನಿಧಾನವಾಗುತ್ತದೆ.

ಘರ್ಷಣಾ ಬಲವೆಂದರೆ ಘರ್ಷಣಾ ಗುಣಾಂಕ ಮತ್ತು ಲಂಬ ಬಲದ ಗುಣಲಬ್ಧ ಎಂದು ಪ್ರಥಮ ಪಿಯುಸಿಯಲ್ಲಿ ಓದಿದ್ದೇವೆ. ತಟ್ಟೆ ಸುತ್ತಲೂ ಒಂದೇ ದಪ್ಪ, ಒಂದೇ ನುಣುಪು ಇದ್ದರೆ ಈ ಎರಡೂ ಬದಲಾಗುವುದಿಲ್ಲ. ಕಾರು ಮೆತ್ತಗೆ ನಿಲ್ಲುತ್ತದೆ. ತಟ್ಟೆಯ ಒಂದು ಜಾಗದಲ್ಲಿ ತುಕ್ಕು ಹಿಡಿದು ಒರಟಾಗಿದ್ದರೆ ಅಲ್ಲಿ ಗುಣಾಂಕ ಬೇರೆಯಾಗುತ್ತದೆ. ಒಂದು ಜಾಗ ಸ್ವಲ್ಪ ದಪ್ಪವಾಗಿದ್ದರೆ ಅದು ಪ್ಯಾಡ್ ನಡುವೆ ಬಂದಾಗ ಲಂಬ ಬಲ ಹೆಚ್ಚುತ್ತದೆ. ಹೀಗೆ ಚಕ್ರ ಒಂದು ಸುತ್ತು ಬಂದಾಗಲೆಲ್ಲ ಬ್ರೇಕ್ ಒಮ್ಮೆ ಬಿಗಿಯಾಗಿ ಒಮ್ಮೆ ಸಡಿಲವಾಗುತ್ತದೆ. ಈ ಏರಿಳಿತವೇ ನಡುಕ.

ಅದು ಎಷ್ಟು ಬೇಗ ಬರುತ್ತದೆ ಎಂದು ಲೆಕ್ಕ ಹಾಕಬಹುದು. ಸಣ್ಣ ಕಾರಿನ ಚಕ್ರದ ಸುತ್ತಳತೆ ಸುಮಾರು 1.8 ಮೀಟರ್. ಗಂಟೆಗೆ 72 ಕಿ.ಮೀ. ಎಂದರೆ ಸೆಕೆಂಡಿಗೆ 20 ಮೀಟರ್. ಅಂದರೆ ಚಕ್ರ ಸೆಕೆಂಡಿಗೆ ಸುಮಾರು 11 ಸುತ್ತು ಬರುತ್ತದೆ. ತಟ್ಟೆಯಲ್ಲಿ ಒಂದೇ ಕೆಟ್ಟ ಜಾಗವಿದ್ದರೂ ಸ್ಟೇರಿಂಗ್‌ಗೆ ಸೆಕೆಂಡಿಗೆ 11 ಪೆಟ್ಟು ಬೀಳುತ್ತದೆ. ವೇಗ ಅರ್ಧವಾದರೆ ಪೆಟ್ಟೂ ಅರ್ಧವಾಗುತ್ತದೆ. ಕಾರು ನಿಧಾನವಾದಂತೆ ನಡುಕವೂ ನಿಧಾನವಾದರೆ ದೋಷ ತಿರುಗುವ ಭಾಗದಲ್ಲಿದೆ ಎಂಬುದಕ್ಕೆ ಅದೇ ಸಾಕ್ಷಿ.

ನಿಂತಲ್ಲೇ ಏನಾಗುತ್ತದೆ?

ಡಿಸ್ಕ್‌ಗೆ ಬಣ್ಣ ಬಳಿಯಲು ಆಗುವುದಿಲ್ಲ, ಎಣ್ಣೆ ಹಚ್ಚಲೂ ಆಗುವುದಿಲ್ಲ. ಬರಿಯ ಕಬ್ಬಿಣ ಗಾಳಿಗೆ ತೆರೆದುಕೊಂಡೇ ಇರಬೇಕು. ಮಳೆಗಾಲದಲ್ಲಿ ಒಂದು ರಾತ್ರಿ ಕಳೆದರೂ ಅದರ ಮೇಲೆ ಕೆಂಪು ಪುಡಿಯಂಥ ತುಕ್ಕು ಕೂರುತ್ತದೆ. ದಿನವೂ ಓಡುವ ಕಾರಿನಲ್ಲಿ ಮೊದಲ ನಾಲ್ಕೈದು ಬ್ರೇಕ್‌ಗಳಲ್ಲೇ ಅದು ಉಜ್ಜಿ ಹೋಗುತ್ತದೆ. ಯಾರಿಗೂ ಗೊತ್ತೇ ಆಗುವುದಿಲ್ಲ.

ತಿಂಗಳುಗಟ್ಟಲೆ ನಿಂತರೆ ಕತೆ ಬೇರೆ. ತಟ್ಟೆಯ ಹೆಚ್ಚಿನ ಭಾಗ ಗಾಳಿಗೆ ತೆರೆದಿರುತ್ತದೆ, ಆದರೆ ಪ್ಯಾಡ್ ಅಡಿಯ ಭಾಗ ಮುಚ್ಚಿರುತ್ತದೆ. ಪ್ಯಾಡ್ ಮತ್ತು ತಟ್ಟೆಯ ನಡುವೆ ಸೇರಿದ ನೀರು ಬೇಗ ಆರುವುದಿಲ್ಲ. ಆ ಜಾಗದಲ್ಲಿ ತುಕ್ಕು ಬೇರೆ ರೀತಿಯಲ್ಲಿ ಬೆಳೆಯುತ್ತದೆ, ಪ್ಯಾಡ್‌ನ ವಸ್ತುವೂ ಸ್ವಲ್ಪ ಅಂಟಿಕೊಳ್ಳುತ್ತದೆ. ಕೊನೆಗೆ ತಟ್ಟೆಯ ಮೇಲೆ ಪ್ಯಾಡ್ ಆಕಾರದ್ದೇ ಒಂದು ಅಚ್ಚು ಮೂಡುತ್ತದೆ. ಕರಾವಳಿಯ ಉಪ್ಪುಗಾಳಿ ಇದನ್ನೆಲ್ಲ ಇನ್ನಷ್ಟು ಬೇಗ ಮಾಡುತ್ತದೆ.

ಇನ್ನೂ ಎರಡು ಜಾಗದಲ್ಲಿ ತೊಂದರೆಯಾಗುತ್ತದೆ. ಕ್ಯಾಲಿಪರ್ ಅತ್ತಿತ್ತ ಜಾರಲು ಎರಡು ಪಿನ್‌ಗಳಿರುತ್ತವೆ. ಅವುಗಳ ಗ್ರೀಸ್ ಒಣಗಿ, ರಬ್ಬರ್ ಹೊದಿಕೆ ಹರಿದು ನೀರು ಹೊಕ್ಕರೆ ಪಿನ್ ಜಾಮ್ ಆಗುತ್ತದೆ. ಆಗ ಪೆಡಲ್ ಬಿಟ್ಟರೂ ಪ್ಯಾಡ್ ತಟ್ಟೆಯನ್ನು ಪೂರ್ತಿ ಬಿಡುವುದಿಲ್ಲ. ಹಿಂದಿನ ಡ್ರಮ್‌ನಲ್ಲಿ, ಹ್ಯಾಂಡ್‌ಬ್ರೇಕ್ ಎಳೆದೇ ಇಟ್ಟರೆ ಬ್ರೇಕ್ ಶೂ ಡ್ರಮ್‌ಗೆ ತುಕ್ಕಿನಿಂದ ಅಂಟಿಕೊಳ್ಳುತ್ತದೆ. ನಮ್ಮ ಕಾರಿನ "ಟಕ್" ಸದ್ದು ಅದೇ. ನಾನು ಪ್ರತಿ ಶುಕ್ರವಾರ ಗಟ್ಟಿಯಾಗಿ ಎಳೆದಿದೆಯೇ ಎಂದು ನೋಡುತ್ತಿದ್ದ ಹ್ಯಾಂಡ್‌ಬ್ರೇಕ್!

ಎಂಜಿನ್ ಓಡಿಸಿದರೆ ಎಂಜಿನ್ ಒಳಗೆ ಆಯಿಲ್ ತಿರುಗುತ್ತದೆ ಅಷ್ಟೆ. ಚಕ್ರ ತಿರುಗದೆ ಬ್ರೇಕ್‌ಗೆ ಅದರಿಂದ ಏನೂ ಲಾಭವಿಲ್ಲ.

ಮೊದಲ ಪ್ರಶ್ನೆ: ಬ್ರೇಕ್ ಹಾಕಿದಾಗ ಮಾತ್ರವೇ?

ಮೆಕ್ಯಾನಿಕ್ ಮೊದಲು ಕೇಳಿದ್ದು ಇದನ್ನೇ. ಬ್ರೇಕ್ ಮುಟ್ಟದಿದ್ದರೂ ಕಾರು ನಡುಗುತ್ತಿದ್ದರೆ ಮೊದಲು ಟಯರ್ ನೋಡಬೇಕು. ಕಾರಿನ ಭಾರ ಹೊತ್ತು ತಿಂಗಳುಗಟ್ಟಲೆ ಒಂದೇ ಜಾಗದಲ್ಲಿ ನಿಂತ ಟಯರ್‌ನ ಅಡಿಭಾಗ ಚಪ್ಪಟೆಯಾಗುತ್ತದೆ. ಗಾಳಿ ಇಳಿದಿದ್ದರೆ ಇನ್ನೂ ಹೆಚ್ಚು. ಸರಿಯಾಗಿ ಗಾಳಿ ತುಂಬಿ ಹತ್ತಿಪ್ಪತ್ತು ಕಿ.ಮೀ. ಓಡಿಸಿ ಟಯರ್ ಬಿಸಿಯಾದ ಮೇಲೆ ಆ ನಡುಕ ಕಡಿಮೆಯಾಗುವುದುಂಟು. ಆಗದಿದ್ದರೆ ಟಯರ್ ಅಥವಾ ವೀಲ್ ಬ್ಯಾಲೆನ್ಸಿಂಗ್ ಪರೀಕ್ಷಿಸಬೇಕು. ಇದನ್ನು ಬ್ರೇಕ್ ದೋಷವೆಂದು ತಿಳಿದು ಡಿಸ್ಕ್ ಬದಲಿಸಿದರೆ ಹಣ ಹೋಗುತ್ತದೆ, ನಡುಕ ಉಳಿಯುತ್ತದೆ.

ಬ್ರೇಕ್ ಒತ್ತಿದಾಗ ಮಾತ್ರ ನಡುಕ ಬಂದು, ಪೆಡಲ್ ಬಿಟ್ಟ ಕೂಡಲೇ ನಿಂತರೆ ಬ್ರೇಕ್ ಕಡೆಗೇ ಬೆರಳು ಮಾಡಬಹುದು. ಆದರೂ ಒಂದು ಮಾತು. ಸವೆದ ಬಾಲ್‌ಜಾಯಿಂಟ್, ಸಡಿಲವಾದ ಬುಷ್ ಇದ್ದರೆ ಡಿಸ್ಕ್‌ನ ಸಣ್ಣ ದೋಷವೂ ದೊಡ್ಡ ನಡುಕವಾಗಿ ಕೈಗೆ ಬರುತ್ತದೆ. ಹಳೆಯ ಕಾರಿನಲ್ಲಿ ಅದನ್ನೂ ನೋಡಿಸಬೇಕು.

ಎರಡನೆಯ ಪ್ರಶ್ನೆ: ಎಲ್ಲಿ ತಿಳಿಯುತ್ತದೆ?

ನಡುಕ ಮುಖ್ಯವಾಗಿ ಸ್ಟೇರಿಂಗ್‌ನಲ್ಲಿ ತಿಳಿದರೆ ಸಾಮಾನ್ಯವಾಗಿ ಮುಂದಿನ ಬ್ರೇಕ್. ಸ್ಟೇರಿಂಗ್ ಸುಮ್ಮನಿದ್ದು ಸೀಟು ಮತ್ತು ಕಾರಿನ ನೆಲ ನಡುಗಿದರೆ ಹಿಂದಿನ ಬ್ರೇಕ್ ಮೇಲೆ ಸಂಶಯ ಹೋಗುತ್ತದೆ. ಪೆಡಲ್ ಕಾಲಿಗೆ ಒದೆಯುವಂತೆ ಏರಿಳಿದರೆ ದಪ್ಪದಲ್ಲಿ ವ್ಯತ್ಯಾಸ ಇರಬಹುದು. ಬ್ರೇಕ್ ಒತ್ತಿದಾಗ ಕಾರು ಒಂದು ಬದಿಗೆ ಎಳೆದರೆ ಎರಡು ಬದಿಯ ಬ್ರೇಕ್ ಸಮನಾಗಿ ಹಿಡಿಯುತ್ತಿಲ್ಲ ಎಂದರ್ಥ.

ಎಬಿಎಸ್ ಇರುವ ಕಾರಿನಲ್ಲಿ ಜಾರುವ ರಸ್ತೆಯಲ್ಲಿ ಜೋರಾಗಿ ಬ್ರೇಕ್ ಒತ್ತಿದಾಗ ಪೆಡಲ್ ಪಟಪಟ ಬಡಿಯುತ್ತದೆ. ಅದು ದೋಷವಲ್ಲ, ಎಬಿಎಸ್ ತನ್ನ ಕೆಲಸ ಮಾಡುವ ರೀತಿ. ಒಣ ರಸ್ತೆಯಲ್ಲಿ ಮೆತ್ತಗೆ ಒತ್ತಿದಾಗಲೂ ಬಡಿದರೆ ಮಾತ್ರ ಪರೀಕ್ಷಿಸಬೇಕು.

ಮೂರನೆಯ ಪ್ರಶ್ನೆ: ಓಡಿಸಿದಂತೆ ಕಡಿಮೆಯಾಗುತ್ತದೆಯೇ?

ಇದು ಎಲ್ಲಕ್ಕಿಂತ ಮುಖ್ಯ. ಮೇಲ್ಮೈ ತುಕ್ಕು ಮಾತ್ರವಾದರೆ ಬ್ರೇಕ್ ಬಳಸಿದಂತೆ ಉಜ್ಜಿಹೋಗಿ ನಡುಕ ತಗ್ಗುತ್ತದೆ. ಆದರೆ ಈ ಪರೀಕ್ಷೆಗೆ ರಸ್ತೆಗೆ ಇಳಿಯುವ ಮೊದಲು ಮನೆಯಲ್ಲೇ ಕೆಲವು ಸಂಗತಿ ನೋಡಿಕೊಳ್ಳಬೇಕು.

1. ಬ್ರೇಕ್ ಆಯಿಲ್ ಡಬ್ಬಿಯಲ್ಲಿ ಮಟ್ಟ ಸರಿಯಿದೆಯೇ? ಚಕ್ರಗಳ ಒಳಬದಿಯಲ್ಲಿ ಒದ್ದೆ ಕಲೆ ಇದೆಯೇ? ಕಲೆ ಇದ್ದರೆ ಕಾರನ್ನು ಓಡಿಸಲೇಬಾರದು.

2. ಎಂಜಿನ್ ಆಫ್ ಇರುವಾಗ ನಾಲ್ಕೈದು ಬಾರಿ ಪೆಡಲ್ ಒತ್ತಿ, ಕೊನೆಗೆ ಒತ್ತಿ ಹಿಡಿಯಬೇಕು. ಅದು ಗಟ್ಟಿಯಾಗಿ ನಿಲ್ಲಬೇಕು. ಹಾಗೆಯೇ ಹಿಡಿದು ಸ್ಟಾರ್ಟ್ ಮಾಡಿದಾಗ ಪೆಡಲ್ ತುಸು ಕೆಳಗಿಳಿದರೆ ಬೂಸ್ಟರ್ ಸರಿಯಿದೆ. ಪೆಡಲ್ ನಿಧಾನವಾಗಿ ತಳದವರೆಗೆ ಇಳಿದುಹೋದರೆ ಮೆಕ್ಯಾನಿಕ್‌ನನ್ನು ಮನೆಗೇ ಕರೆಸಿ.

3. ಚಕ್ರದ ಸಂದಿಯಿಂದ ಟಾರ್ಚ್ ಬಿಟ್ಟು ಡಿಸ್ಕ್ ನೋಡಿ. ತೆಳುವಾದ ಕೆಂಪು ಪುಡಿಯೇ, ಅಥವಾ ಉಗುರಿಗೆ ಸಿಕ್ಕುವ ಹೆಕ್ಕಳೆಯೇ?

4. ನಾಲ್ಕೂ ಟಯರ್‌ನ ಗಾಳಿ ನೋಡಿ.

ಇಷ್ಟು ಸರಿಯಿದ್ದರೆ ಲೈಸೆನ್ಸ್ ಇರುವ ಅನುಭವಿಗಳು ಖಾಲಿ ರಸ್ತೆಯಲ್ಲಿ ಮೊದಲು ನಡಿಗೆಯ ವೇಗದಲ್ಲಿ, ನಂತರ 20-30ರ ವೇಗದಲ್ಲಿ ಬ್ರೇಕ್ ಪರೀಕ್ಷಿಸಬೇಕು. ನಿಲ್ಲುತ್ತದೆ ಎಂದು ಖಾತರಿಯಾದ ಮೇಲೆ 50ರಿಂದ 10ಕ್ಕೆ ಇಳಿಯುವಂತೆ ಮಧ್ಯಮವಾಗಿ ಹತ್ತು ಬಾರಿ ಬ್ರೇಕ್ ಹಾಕಬೇಕು. ಪ್ರತಿ ಸಲದ ನಡುವೆ ಅರ್ಧ ಕಿಲೋಮೀಟರ್‌ನಷ್ಟು ಓಡಿಸಿ ತಣಿಯಲು ಬಿಡಬೇಕು. ನಾನು ಪಕ್ಕದ ಸೀಟಿನಲ್ಲಿ ಕುಳಿತು ಎಣಿಸಿದೆ. ನಮ್ಮ ಕಾರಿನಲ್ಲಿ ನಡುಕ ಅರ್ಧದಷ್ಟು ಇಳಿಯಿತು, ಆಮೇಲೆ ಅಲ್ಲಿಯೇ ನಿಂತಿತು. ಅಂದರೆ ತುಕ್ಕು ಹೋಯಿತು, ಬೇರೇನೋ ಉಳಿದಿದೆ.

ಕೆಳಗಿಳಿದು ಮೆಕ್ಯಾನಿಕ್ ಚಕ್ರಗಳನ್ನು ಮುಟ್ಟದೆ, ಹತ್ತಿರ ಅಂಗೈ ಹಿಡಿದು ನೋಡಿದರು. ಎಡ ಮುಂದಿನ ಚಕ್ರ ಬಲದ್ದಕ್ಕಿಂತ ಬಹಳ ಬಿಸಿಯಿತ್ತು. ಡಿಸ್ಕ್ ಕೈ ಸುಡುವಷ್ಟು ಬಿಸಿಯಾಗಿರುವುದರಿಂದ ಯಾವಾಗಲೂ ಮುಟ್ಟದೆಯೇ ನೋಡಬೇಕು. "ಇದು ಬಿಡುತ್ತಾ ಇಲ್ಲ" ಎಂದರು. ಆಗಲೇ ಚಕ್ರ ಬಿಚ್ಚಿದ್ದು.

ಚಕ್ರ ಬಿಚ್ಚಿದ ಮೇಲೆ

ಎಡಬದಿಯ ಕ್ಯಾಲಿಪರ್‌ನ ಕೆಳಗಿನ ಪಿನ್ ಜಾಮ್ ಆಗಿತ್ತು. ಒಳಗಿನ ಪ್ಯಾಡ್ ಹೊರಗಿನದಕ್ಕಿಂತ ಹೆಚ್ಚು ಸವೆದಿತ್ತು, ಅದೂ ಓರೆಯಾಗಿ. ಡಿಸ್ಕ್ ಮೇಲೆ ಪ್ಯಾಡ್‌ನ ಅಚ್ಚು ಕಪ್ಪಾಗಿ ಕಾಣುತ್ತಿತ್ತು.

ಆಮೇಲೆ ಅವರು ತೆಗೆದದ್ದು ನಮ್ಮ ಲ್ಯಾಬಿನ ಸ್ಕ್ರೂಗೇಜ್! ಹೆಸರು ಮಾತ್ರ ಮೈಕ್ರೋಮೀಟರ್. ಲೀಸ್ಟ್ ಕೌಂಟ್ ಅದೇ 0.01 ಮಿ.ಮೀ. ಡಿಸ್ಕ್ ಸುತ್ತಲೂ ಎಂಟು ಕಡೆ, ಅಂಚಿನಿಂದ ಒಂದೇ ದೂರದಲ್ಲಿ ದಪ್ಪ ಅಳೆದರು. ನಾನು ಪುಸ್ತಕದಲ್ಲಿ ಬರೆದುಕೊಂಡೆ. ಬಲ ಡಿಸ್ಕ್‌ನಲ್ಲಿ ಎಂಟೂ ಅಳತೆ ಹೆಚ್ಚುಕಡಿಮೆ ಒಂದೇ. ಎಡ ಡಿಸ್ಕ್‌ನಲ್ಲಿ ಅತಿ ದಪ್ಪ ಮತ್ತು ಅತಿ ತೆಳು ಜಾಗದ ನಡುವೆ 0.04 ಮಿ.ಮೀ. ವ್ಯತ್ಯಾಸ. ನಮ್ಮ ತಲೆಗೂದಲಿಗಿಂತಲೂ ತೆಳು! ಆದರೆ 0.02 ಮಿ.ಮೀ. ಆಸುಪಾಸಿನ ವ್ಯತ್ಯಾಸವೇ ಕೈಗೆ ನಡುಕವಾಗಿ ತಿಳಿಯಬಲ್ಲದು.

ನಂತರ ಡಯಲ್ ಗೇಜ್ ಇಟ್ಟು ಡಿಸ್ಕ್ ತಿರುಗಿಸಿ ಅದು ಅತ್ತಿತ್ತ ಓಲಾಡುತ್ತದೆಯೇ ಎಂದು ನೋಡಿದರು. ಓಲಾಟ ಮಿತಿಯಲ್ಲಿತ್ತು. ಹಾಗಾದರೆ ಮೊದಲ ಗ್ಯಾರೇಜಿನವರು ಹೇಳಿದಂತೆ ಡಿಸ್ಕ್ ಬೆಂಡ್ ಆಗಿರಲಿಲ್ಲ. ಜನ ಬೆಂಡ್ ಎನ್ನುವುದರಲ್ಲಿ ಹೆಚ್ಚಿನದ್ದು ವಾಸ್ತವವಾಗಿ ದಪ್ಪದ ವ್ಯತ್ಯಾಸ, ಇಲ್ಲವೇ ಅಂಟಿಕೊಂಡ ಪ್ಯಾಡ್‌ನ ಪದರ. ಕೆಲವೊಮ್ಮೆ ಡಿಸ್ಕ್ ಕೂರುವ ಹಬ್ ಮೇಲೆ ತುಕ್ಕಿನ ಚೂರು ಸಿಕ್ಕಿಕೊಂಡರೂ ಡಿಸ್ಕ್ ಓಲಾಡುತ್ತದೆ. ಅಂಥ ಹಬ್ ಉಜ್ಜದೆ ಹೊಸ ಡಿಸ್ಕ್ ಹಾಕಿದರೆ ಹೊಸದೂ ಓಲಾಡುತ್ತದೆ.

ಡಿಸ್ಕ್ ಮೇಲೆಯೇ ಅದರ ಕನಿಷ್ಠ ದಪ್ಪ ಅಚ್ಚಾಗಿರುತ್ತದೆ. ಅದಕ್ಕಿಂತ ತೆಳುವಾದರೆ ಬದಲಿಸಲೇಬೇಕು. ನಮ್ಮವು ಇನ್ನೂ ದಪ್ಪವಿದ್ದವು. ಹಾಗಾಗಿ ಎರಡೂ ಡಿಸ್ಕ್‌ಗಳನ್ನು ಲೇತ್‌ನಲ್ಲಿ ತೆಳುವಾಗಿ ಸವರಿಸಿ, ಮುಂದಿನ ಪ್ಯಾಡ್ ಸೆಟ್ ಹೊಸದು ಹಾಕಿ, ಪಿನ್‌ಗಳನ್ನು ಶುಚಿ ಮಾಡಿ ಬ್ರೇಕ್‌ಗೆಂದೇ ಬರುವ ಗ್ರೀಸ್ ಹಚ್ಚಿ, ರಬ್ಬರ್ ಹೊದಿಕೆ ಬದಲಿಸಿದರು. ಹಿಂದಿನ ಡ್ರಮ್ ಬಿಚ್ಚಿ ತುಕ್ಕು ಉಜ್ಜಿದರು. ಮೊದಲ ಗ್ಯಾರೇಜ್ ಹೇಳಿದ್ದರ ಅರ್ಧಕ್ಕಿಂತ ಕಡಿಮೆ ಖರ್ಚಾಯಿತು. ಅದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ಜಾಮ್ ಆದ ಪಿನ್ ನೋಡದೆ ಬರೀ ಡಿಸ್ಕ್, ಪ್ಯಾಡ್ ಬದಲಿಸಿದ್ದರೆ ಕೆಲವೇ ತಿಂಗಳಲ್ಲಿ ಅದೇ ನಡುಕ ಮತ್ತೆ ಬರುತ್ತಿತ್ತು.

"ಸಾಮಾನು ಬದಲಿಸುವುದು ಯಾರಿಗೂ ಬರುತ್ತದೆ ಮಾರಾಯ, ಯಾವುದನ್ನು ಬದಲಿಸಬೇಕು ಅಂತ ನೋಡುವುದೇ ಕೆಲಸ" ಎಂದು ಮೆಕ್ಯಾನಿಕ್ ನನಗೆ ಹೇಳಿದರು.

ಘಾಟಿಯ ಲೆಕ್ಕ

ಈ ಕೆಲಸ ಮುಗಿದದ್ದು ಸೋಮವಾರ. ನಿಖಾಹ್ ಹಿಂದಿನ ದಿನವೇ ಆಗಿತ್ತು. ಲೇತ್ ಅಂಗಡಿಗೆ ಶನಿವಾರ ಬಿಡುವಿರಲಿಲ್ಲ. "ನಡುಕ ಅರ್ಧ ಕಡಿಮೆಯಾಗಿದೆಯಲ್ಲ, ಮೆಲ್ಲಗೆ ಹೋಗಿ ಬರೋಣ" ಎಂದು ಮನೆಯಲ್ಲಿ ಒತ್ತಾಯ ಬಂತು. ಮಾಮ ಒಪ್ಪಲಿಲ್ಲ. ಎಲ್ಲರೂ ಬಸ್ಸಿನಲ್ಲಿ ಹೋದೆವು. ಅಜ್ಜಿಗೆ ಕಷ್ಟವಾಯಿತು, ನನಗೂ ಮುಜುಗರವಾಯಿತು. ಆಮೇಲೆ ಲೆಕ್ಕ ಹಾಕಿದಾಗ ಮಾಮ ಮಾಡಿದ್ದು ಸರಿ ಎಂದು ತಿಳಿಯಿತು.

1000 ಕೆ.ಜಿ. ತೂಕದ ಕಾರು 72 ಕಿ.ಮೀ. ವೇಗದಲ್ಲಿದ್ದಾಗ ಅದರ ಚಲನಶಕ್ತಿ 200 ಕಿಲೋಜೂಲ್. ಒಮ್ಮೆ ಪೂರ್ತಿ ನಿಲ್ಲಿಸಿದರೆ ಅಷ್ಟೂ ಶಕ್ತಿ ಹೆಚ್ಚುಕಡಿಮೆ ಬ್ರೇಕ್‌ನಲ್ಲಿ ಶಾಖವಾಗುತ್ತದೆ. ಅದೇ ಕಾರು ಘಾಟಿಯಲ್ಲಿ 100 ಮೀಟರ್ ಎತ್ತರ ಇಳಿದರೆ ಕಳೆದುಕೊಳ್ಳುವ ಸ್ಥಿತಿಶಕ್ತಿ 1000 × 9.8 × 100, ಅಂದರೆ 980 ಕಿಲೋಜೂಲ್. ಹೆದ್ದಾರಿಯಲ್ಲಿ ಐದು ಬಾರಿ ಪೂರ್ತಿ ನಿಲ್ಲಿಸಿದಷ್ಟು! ಇಳಿಯುವುದು ನೂರು ಮೀಟರ್ ಮಾತ್ರವೂ ಅಲ್ಲ, ತಣಿಯಲು ಬಿಡುವೂ ಸಿಗುವುದಿಲ್ಲ. ಅದಕ್ಕೇ ಕೆಳಗಿನ ಗೇರ್‌ನಲ್ಲಿ ಇಳಿದು ಎಂಜಿನ್‌ಗೂ ಈ ಭಾರ ಹಂಚಬೇಕು ಎನ್ನುವುದು.

ಒಂದು ಬದಿಯ ಪ್ಯಾಡ್ ಮೊದಲೇ ಉಜ್ಜುತ್ತಿದ್ದರೆ ಆ ಚಕ್ರ ಬಿಸಿಯಾಗಿಯೇ ಇಳಿಯಲು ಶುರುಮಾಡುತ್ತದೆ. ಅದರ ಮೇಲೆ ಹಳೆಯ ಬ್ರೇಕ್ ಆಯಿಲ್. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 4 ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದು ಎಂಬುದು ಮಾನದಂಡ. ಸುಮಾರು 3.7 ಶೇಕಡಾ ನೀರು ಸೇರಿದ ಮೇಲೆ ಆ ಮಿತಿ 155 ಡಿಗ್ರಿ. ಕುದಿದರೆ ಪೈಪಿನಲ್ಲಿ ಆವಿಯ ಗುಳ್ಳೆಗಳಾಗುತ್ತವೆ. ದ್ರವವನ್ನು ಅಮುಕಲಾಗದು, ಆವಿಯನ್ನು ಅಮುಕಬಹುದು. ಹಾಗಾಗಿ ಪೆಡಲ್ ತಳಕ್ಕೆ ಹೋಗುತ್ತದೆ, ಕಾರು ನಿಲ್ಲುವುದಿಲ್ಲ. ಹಳೆಯ ಆಯಿಲ್‌ನಿಂದ ನಡುಕ ಬರುವುದಿಲ್ಲ, ಆದ್ದರಿಂದಲೇ ಅದನ್ನು ಯಾರೂ ನೆನೆಯುವುದಿಲ್ಲ. ನಮ್ಮ ಕಾರಿನ ಆಯಿಲ್ ಕಪ್ಪಾಗಿತ್ತು. ಎರಡು ವರ್ಷಕ್ಕೊಮ್ಮೆ ಬದಲಿಸುವುದು ವಾಡಿಕೆ, ನಮ್ಮದು ಅದನ್ನೂ ದಾಟಿತ್ತು. ಅದನ್ನೂ ಬದಲಿಸಿದೆವು.

ನಿಲ್ಲಿಸುವ ಮುನ್ನ

ನಿಮ್ಮ ಮನೆಯಲ್ಲೂ ಯಾರಾದರೂ ಕೀ ಕೊಟ್ಟು ಹೋಗುವವರಿದ್ದರೆ ಇಷ್ಟನ್ನು ಅವರೊಂದಿಗೆ ಮಾತಾಡಿಕೊಳ್ಳಿ.

ಕಾರು ತೊಳೆದ ಕೂಡಲೇ ನಿಲ್ಲಿಸಿಡಬೇಡಿ. ತೊಳೆದ ಮೇಲೆ ಸ್ವಲ್ಪ ಓಡಿಸಿ, ನಾಲ್ಕೈದು ಬಾರಿ ಬ್ರೇಕ್ ಹಾಕಿ ಡಿಸ್ಕ್ ಒಣಗಿಸಿ ನಿಲ್ಲಿಸಬೇಕು. ಸಮತಟ್ಟು ಜಾಗದಲ್ಲಿ ಗೇರ್‌ನಲ್ಲಿಟ್ಟು, ಚಕ್ರದ ಮುಂದೆ ಹಿಂದೆ ಕಲ್ಲು ಅಥವಾ ಮರದ ತುಂಡು ಕೊಟ್ಟು, ಹ್ಯಾಂಡ್‌ಬ್ರೇಕ್ ಬಿಟ್ಟಿಡಬೇಕು. ಆಗ ಸ್ಟಾರ್ಟ್ ಮಾಡುವ ಮೊದಲು ಗೇರ್ ನ್ಯೂಟ್ರಲ್‌ಗೆ ತರುವುದನ್ನು ಮರೆಯಬಾರದು. ಎರಡು ಮೂರು ವಾರಕ್ಕೊಮ್ಮೆ ಲೈಸೆನ್ಸ್ ಇರುವವರು ಯಾರಾದರೂ ಹತ್ತು ಹದಿನೈದು ಕಿ.ಮೀ. ಓಡಿಸಿದರೆ ಬ್ರೇಕ್, ಟಯರ್, ಬ್ಯಾಟರಿ ಮೂರೂ ಉಳಿಯುತ್ತವೆ. ಡಿಸ್ಕ್‌ಗೆ ತುಕ್ಕು ಹಿಡಿಯಬಾರದೆಂದು ಎಣ್ಣೆ, ಗ್ರೀಸ್, ಸ್ಪ್ರೇ ಏನನ್ನೂ ಹಚ್ಚಬಾರದು. ಅದು ಪ್ಯಾಡ್‌ಗೆ ತಗಲಿದರೆ ಬ್ರೇಕೇ ಹಿಡಿಯುವುದಿಲ್ಲ.

ಮಾಮ ಫೆಬ್ರವರಿಯಲ್ಲಿ ಮತ್ತೆ ಹೊರಟರು. ಈ ಬಾರಿ ಕೀ ಕೊಡುವಾಗ, "ಹೋದ ಸಲ ಕೀ ಮಾತ್ರ ಕೊಟ್ಟಿದ್ದೆ, ಏನು ಮಾಡಬೇಕು ಅಂತ ಸರಿಯಾಗಿ ಹೇಳಿರಲಿಲ್ಲ. ತಪ್ಪು ನನ್ನದೂ ಉಂಟು" ಎಂದರು. ಪಕ್ಕದ ಮನೆಯ ಅಣ್ಣನಿಗೆ ಹದಿನೈದು ದಿನಕ್ಕೊಮ್ಮೆ ಓಡಿಸಲು ಹೇಳಿದ್ದಾರೆ. ನಾನು ಪಕ್ಕದಲ್ಲಿ ಕುಳಿತು ದಿನಾಂಕ, ಕಿಲೋಮೀಟರ್ ಮತ್ತು ಬ್ರೇಕ್ ಹೇಗಿತ್ತು ಎಂದು ಪುಸ್ತಕದಲ್ಲಿ ಬರೆಯುತ್ತೇನೆ. ಹ್ಯಾಂಡ್‌ಬ್ರೇಕ್ ಬಿಟ್ಟಿದೆ, ಚಕ್ರಕ್ಕೆ ಎರಡು ಕೆಂಪು ಕಲ್ಲು ಕೊಟ್ಟಿದ್ದೇನೆ.